ಮನೆದೇವರ ಸೋಮವಾರ, ಏಳನೇ ಕ್ಲಾಸಿನ ಸೋಮವಾರ

ಕೆಲಸಕ್ಕೆ ಹೊಸದಾಗಿ ಸೇರಿದ ಮೇಷ್ಟ್ರುಗಳು, ಟೀಚರುಗಳು ಈಗಲೂ ನಮ್ಮ ಮನೆಗೆ ಬರುತ್ತಿರುತ್ತಾರೆ. ಮಾತು ಎಲ್ಲಿಂದ ಶುರುವಾದರೂ ಕಾಫಿ ಮುಗಿಯುವ ಹೊತ್ತಿಗೆ ಒಂದೇ ಕಡೆ ಬಂದು ನಿಲ್ಲುತ್ತದೆ. ಮಕ್ಕಳು ಶಾಲೆಗೆ ಬರುವುದಿಲ್ಲ, ಅಪ್ಪ ಅಮ್ಮ ಟ್ರಿಪ್ಪಿಗೆ ಕರೆದುಕೊಂಡು ಹೋಗಿಬಿಡುತ್ತಾರೆ, ಏನು ಮಾಡುವುದು ಮೇಡಂ ಎನ್ನುತ್ತಾರೆ. ಪಾಠ ಮಾಡುವುದಕ್ಕೆ ನಿಮಗೆ ತರಬೇತಿ ಕೊಟ್ಟಿದ್ದಾರೆ, ಇದಕ್ಕೆ ಕೊಟ್ಟಿಲ್ಲ. ನನಗೂ ಕೊಟ್ಟಿರಲಿಲ್ಲ. ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು, ಹಾರಗಳ ವಿಷಯ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ.

ನನ್ನ ಹೆಸರು ಶಮೀಮ್. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪನಿಗೆ ಟೈಲರ್ ಅಂಗಡಿ. ಮನೆಯಲ್ಲಿ ದಖ್ಖನಿ, ಸ್ಕೂಲಿನಲ್ಲಿ ಕನ್ನಡ, ಜಗಳಕ್ಕೆ ಎರಡೂ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ದುಡಿದೆ. ಮಕ್ಕಳು ನನಗೆ ಹೆದರುತ್ತಿರಲಿಲ್ಲ, ಅವರ ಅಪ್ಪಂದಿರು ಹೆದರುತ್ತಿದ್ದರು. ಅದನ್ನೇ ನಾನು ನನ್ನ ಸಂಪಾದನೆ ಎಂದುಕೊಂಡಿದ್ದೇನೆ.

ಮೊದಲ ಕೆಲಸ ಜಡಿಗೇನಹಳ್ಳಿ ಕಡೆ. ಅಲ್ಲಿ ಹೆಡ್ ಮಾಸ್ಟರ್ ಆಗಿದ್ದವರು ಕೃಷ್ಣಪ್ಪ ಮೇಷ್ಟ್ರು. ಪಂಚೆ ಉಟ್ಟು ಸೈಕಲ್ಲಿನಲ್ಲಿ ಬರುತ್ತಿದ್ದ ಆ ಮನುಷ್ಯ ಯಾರ ಮೇಲೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಅವರದೊಂದು ಪದ್ಧತಿ ಇತ್ತು. ಶಾಲೆ ತಪ್ಪಿಸಿ ಊರು ಸುತ್ತಿ ಬಂದ ಮಗುವನ್ನು ಬಯ್ಯದೆ ಕ್ಲಾಸಿನ ಮುಂದೆ ನಿಲ್ಲಿಸಿ, ನೋಡಿದ್ದನ್ನೆಲ್ಲ ಹೇಳಿಸುತ್ತಿದ್ದರು. "ಹೋಗಿದ್ದು ಹೋಯ್ತು, ನೋಡಿದ್ದಾದ್ರೂ ನಾಲ್ಕು ಜನಕ್ಕೆ ದಕ್ಕಲಿ" ಎನ್ನುತ್ತಿದ್ದರು. ನನಗೆ ಇದು ಬಹಳ ಹಿಡಿಸಿತು. ಅವರು ರಜೆಯ ಮೇಲಿದ್ದಾಗ ಕಡಲು ನೋಡಿ ಬಂದ ಒಬ್ಬ ಹುಡುಗನನ್ನು ನಾನು ಮುಂದೆ ನಿಲ್ಲಿಸಿದೆ. ಅವನು ಒಳ್ಳೆಯ ಮಾತುಗಾರ. ಅಲೆ ಬಂದು ಅವನ ಚಿಕ್ಕಪ್ಪನ ಪಂಚೆ ಎಳೆದುಕೊಂಡು ಹೋದದ್ದನ್ನು ಅಭಿನಯಿಸಿ ತೋರಿಸಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಎರಡು ವಾರದೊಳಗೆ ಅದೇ ಕ್ಲಾಸಿನ ನಾಲ್ಕು ಮನೆಯವರು ಸೇರಿ ವ್ಯಾನು ಮಾಡಿಕೊಂಡು ಕಡಲಿಗೆ ಹೊರಟರು. ಮಕ್ಕಳು ಮನೆಯಲ್ಲಿ ಊಟ ಬಿಟ್ಟು ಹಟ ಹಿಡಿದಿದ್ದರಂತೆ. ಕೃಷ್ಣಪ್ಪ ಮೇಷ್ಟ್ರು ಬಂದವರೇ ಖಾಲಿ ಬೆಂಚು ನೋಡಿ, ಟೂರಿಸ್ಟ್ ಆಫೀಸು ಯಾವಾಗ ತೆಗೆದಿರಿ ಎಂದು ನನ್ನನ್ನೇ ಕೇಳಿದರು. ದೊಡ್ಡವರ ಪದ್ಧತಿಯನ್ನು ಎತ್ತಿಕೊಳ್ಳುವಾಗ ಅವರ ದನಿಯನ್ನೂ ಎತ್ತಿಕೊಳ್ಳಬೇಕು. ಅವರು ಹೇಳಿಸುತ್ತಿದ್ದಾಗ ಹುಡುಗರಿಗೆ ಪಾಠ ಒಪ್ಪಿಸುವ ಭಯ ಇರುತ್ತಿತ್ತು, ನನ್ನ ಕ್ಲಾಸಿನಲ್ಲಿ ನಾಟಕ ಆಯಿತು.

ಇನ್ನೊಂದು ಸಲ ತಿರುಪತಿಗೆ ಹೊರಟಿದ್ದ ವ್ಯಾನನ್ನೇ ಹತ್ತಿದೆ. ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗರ ಮುಖ ವ್ಯಾನಿನ ಕಿಟಕಿಯಲ್ಲಿ ಕಂಡಿತು. ಹತ್ತಿ ಅವರ ತಾಯಿಗೆ ಬುದ್ಧಿ ಹೇಳುತ್ತಾ ನಿಂತೆ. ಡ್ರೈವರ್ ನನ್ನನ್ನೂ ಅವರ ನೆಂಟರೆಂದು ತಿಳಿದ. ಗಾಡಿ ಹೊರಟಿತು. ನಾನು ನಿಲ್ಲಿಸಿ ಅನ್ನುತ್ತೇನೆ, ಹಿಂದೆ ಯಾರೋ ಗೋವಿಂದಾ ಅನ್ನುತ್ತಾರೆ, ಎಲ್ಲರೂ ಗೋವಿಂದಾ ಅನ್ನುತ್ತಾರೆ. ಹೆದ್ದಾರಿಯ ಟೋಲಿನಲ್ಲಿ ಇಳಿಸಿದರು. ತಾಯಿ ಪಾಪ ಚಿತ್ರಾನ್ನದ ಪೊಟ್ಟಣ ಕೈಗಿಟ್ಟಳು. ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ವಾಪಸು ಬಂದೆ. ಗಾಡಿ ಹತ್ತಿದ ಮೇಲೆ ಯಾರಿಗೂ ಬುದ್ಧಿ ಹೇಳಬಾರದು. ಹೇಳುವುದಿದ್ದರೆ ಗಾಡಿ ಗೊತ್ತು ಮಾಡುವ ಮುಂಚೆ ಹೇಳಬೇಕು.

ನಗುವ ಕತೆಗಳು ಇರಲಿ. ನಾನು ಯಾಕೆ ಇಷ್ಟು ಹಟ ಹಿಡಿಯುತ್ತಿದ್ದೆ ಎಂಬುದನ್ನೂ ಹೇಳಬೇಕು. ಯೋಗೇಶ ಅಂತ ಒಬ್ಬ ಹುಡುಗನಿದ್ದ. ಚುರುಕಾದವನು. ಭಿನ್ನರಾಶಿ ಶುರು ಮಾಡಿದ ವಾರವೇ ಮನೆಯವರ ಜೊತೆ ಊರು ಸುತ್ತಲು ಹೋದ. ಬಂದಾಗ ತಲೆ ನುಣ್ಣಗೆ ಬೋಳಿಸಿಕೊಂಡು ಬಂದಿದ್ದ. ನಾವೆಲ್ಲ ಅವನ ತಲೆ ಸವರಿ ನಕ್ಕೆವು. ಕೂದಲು ಎರಡು ತಿಂಗಳಲ್ಲಿ ಬಂತು, ಭಿನ್ನರಾಶಿ ಬರಲೇ ಇಲ್ಲ. ಅರ್ಧಕ್ಕೆ ಕಾಲು ಸೇರಿಸು ಎಂದರೆ ಏಳನೇ ಕ್ಲಾಸಿನಲ್ಲೂ ತಲೆ ತಗ್ಗಿಸುತ್ತಿದ್ದ. ಬಿಡುವಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರೆ, ಗೊತ್ತಾಗದಿದ್ದರೂ ಗೊತ್ತಾಯಿತು ಎನ್ನುವುದನ್ನು ಕಲಿತುಬಿಟ್ಟಿದ್ದ. ಒಂದು ವಾರದಲ್ಲಿ ಏನು ಮುಳುಗಿ ಹೋಗುತ್ತೆ ಎಂದು ಯಾರಾದರೂ ಕೇಳಿದರೆ ನನಗೆ ಯೋಗೇಶನ ಮುಖವೇ ನೆನಪಾಗುತ್ತದೆ.

ಕಾಲ ಬದಲಾಯಿತು. ಮೊದಲು ಹಾಜರಾತಿ ಪುಸ್ತಕದಲ್ಲಿ ಇರುತ್ತಿತ್ತು, ಆಮೇಲೆ ಫೋನಿಗೆ ಬಂತು. ಸುಳ್ಳೂ ಫೋನಿಗೆ ಬಂತು. ಮೂರನೇ ಕ್ಲಾಸಿನ ಹುಡುಗಿಯ ತಂದೆ ಬೆಳಿಗ್ಗೆ ಒಂಬತ್ತಕ್ಕೆ "ಮಗಳಿಗೆ ಜ್ವರ, ಎರಡು ದಿನ ಬರಲ್ಲ ಮಿಸ್" ಎಂದು ಮೆಸೇಜು ಹಾಕಿದ. ಹತ್ತು ಗಂಟೆಗೆ ಅವನದೇ ಸ್ಟೇಟಸ್ಸಿನಲ್ಲಿ ಮಗಳು ಕಪ್ಪು ಕನ್ನಡಕ ಹಾಕಿಕೊಂಡು ಕಡಲಲ್ಲಿ ನೀರು ಎರಚುತ್ತಿದ್ದಾಳೆ. ಜ್ವರಕ್ಕೆ ಉಪ್ಪುನೀರು ಒಳ್ಳೆಯದೇ ಎಂದು ಕೇಳಿ ಉತ್ತರ ಬರೆದೆ. ಮೂರನೆಯ ದಿನ ಬಂದವನು ಸ್ಕೂಲಿನ ಗೇಟಿನಾಚೆ ಮಗಳನ್ನು ಇಳಿಸಿ ಗಾಡಿ ತಿರುಗಿಸಿಕೊಂಡು ಹೋದ, ಒಳಗೆ ಬರಲಿಲ್ಲ. ನನ್ನ ಸ್ವಂತ ತಂಗಿಯೂ ಇದರಲ್ಲಿ ಹಿಂದೆ ಬಿದ್ದವಳಲ್ಲ. ಕೋಲಾರದ ಕಡೆ ಮದುವೆ, ಅಲ್ಲಿಂದ ಹಾಗೇ ದರ್ಗಾದ ಉರುಸು ಎಂದು ಮಕ್ಕಳನ್ನು ಎಳೆದುಕೊಂಡು ಹೊರಟಾಗ ನಾನು ಅವಳ ಮನೆಯ ಬಾಗಿಲಲ್ಲೇ ನಿಂತು ಜಗಳವಾಡಿದೆ. ನೀನು ನನಗೆ ಅಕ್ಕನೋ ಸ್ಕೂಲ್ ಮಿಸ್ಸೋ ಎಂದು ಕೇಳಿದಳು. ಎರಡೂ ಎಂದೆ. ರಂಜಾನ್ ಬರುವವರೆಗೆ ಮಾತು ಬಿಟ್ಟಿದ್ದಳು.

ತಂದೆತಾಯಿಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸಿಗೆ ಬೇಸಿಗೆ ರಜೆಯಲ್ಲಿ ರಜೆ ಕೇಳಿದರೆ ಸೂಪರ್ವೈಸರ್ ಕೊಡುವುದಿಲ್ಲ. ಆರ್ಡರು ಕಡಿಮೆಯಾದಾಗ ತಾವಾಗಿಯೇ ನಾಲ್ಕು ದಿನ ಬಿಡುತ್ತಾರೆ, ಆಗ ಶಾಲೆ ನಡೆಯುತ್ತಿರುತ್ತದೆ. ಈಗ ಹೆಂಗಸರಿಗೆ ಬಸ್ಸು ಫ್ರೀ ಆಗಿದೆ. ಹುಟ್ಟಿದಾಗಿನಿಂದ ತಾಲ್ಲೂಕು ದಾಟದವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಒಂದು ಸಲ ಬೆಟ್ಟವನ್ನೋ ಹೊಳೆಯನ್ನೋ ನೋಡಿ ಬರುತ್ತೇನೆ ಎಂದರೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೂ ನಾನು ಬೇಡ ಎನ್ನುತ್ತಿದ್ದೆ. ಅವರ ಕಷ್ಟ ನಿಜ, ಮಗುವಿನ ಪಾಠ ಹೋಗುವುದೂ ನಿಜ. ಮೊದಲನೆಯದನ್ನು ಹೇಳಲು ಊರಲ್ಲಿ ನೂರು ಜನ ಇದ್ದಾರೆ, ಎರಡನೆಯದನ್ನು ಹೇಳಲು ಸಂಬಳ ತೆಗೆದುಕೊಳ್ಳುವವಳು ನಾನೊಬ್ಬಳೇ.

ಈಗ ನನ್ನ ಕಡೆಯ ಶಾಲೆಯ ಮಾತಿಗೆ ಬರುತ್ತೇನೆ. ಸಾಸಲು ಹೋಬಳಿಯ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿಗೆ ಮುಖ್ಯ ಶಿಕ್ಷಕಿಯಾಗಿ ಹೋದೆ. ಒಂದರಿಂದ ಏಳರವರೆಗೆ ಶಾಲೆ. ಎಂಟನೇ ಕ್ಲಾಸಿಗೆ ಹೋಬಳಿಗೆ ಹೋಗಬೇಕು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಸಂಜೆಯ ಬಸ್ಸು ಕೈಕೊಟ್ಟರೆ ನೀಲಗಿರಿ ತೋಪು ದಾಟಿಕೊಂಡು ನಡೆದೇ ಬರಬೇಕು. ಗಂಡುಮಕ್ಕಳು ಬರುತ್ತಿದ್ದರು. ಹೆಣ್ಣುಮಕ್ಕಳನ್ನು ಮನೆಯವರು ಏಳಕ್ಕೇ ಬಿಡಿಸುತ್ತಿದ್ದರು. ಹಾಗೆ ಬಿಟ್ಟ ಪವಿತ್ರಾ ಎಂಬ ಹುಡುಗಿ ಪಾಲಿಹೌಸಿಗೆ ಗುಲಾಬಿ ಮೊಗ್ಗು ಕೀಳಲು ಹೋಗುತ್ತಿದ್ದಳು. ಬೆಳಿಗ್ಗೆ ನಾನು ಬಸ್ಸು ಇಳಿಯುವಾಗ ಕೆಲಸದವರ ಟೆಂಪೋದಲ್ಲಿ ನಿಂತಿರುತ್ತಿದ್ದಳು. ನನ್ನನ್ನು ಕಂಡರೆ ಆ ಕಡೆ ತಿರುಗಿಕೊಳ್ಳುತ್ತಿದ್ದಳು. ಆ ಹುಡುಗಿ ಮುಖ ತಿರುಗಿಸಿದ ದಿನವೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಊರಲ್ಲೇ ಎಂಟನೇ ಕ್ಲಾಸು ತೆರೆಸಬೇಕು ಎಂದು ಹಟ ತೊಟ್ಟೆ. ಎಂಟು ಊರಲ್ಲೇ ಮುಗಿಸಿದ ಹುಡುಗಿಯರು ಒಂಬತ್ತಕ್ಕೆ ಗುಂಪು ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ, ಅಷ್ಟು ಹೊತ್ತಿಗೆ ಅಪ್ಪಂದಿರಿಗೂ ಮಗಳು ಓದುವುದು ರೂಢಿಯಾಗಿರುತ್ತದೆ. ಬೇರೆ ಹಳ್ಳಿಗಳಲ್ಲಿ ಹೀಗೆ ಆದದ್ದನ್ನು ನೋಡಿದ್ದೆ. ಅರ್ಜಿ ಹಾಕಿದೆ. ಮೇಲಧಿಕಾರಿ ಒಬ್ಬರು ಬಂದು ನೋಡಿ ವರದಿ ಕೊಡಬೇಕು. ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಆರು ಮತ್ತು ಏಳನೇ ಕ್ಲಾಸಿನ ಮಕ್ಕಳನ್ನು ಕಣ್ಣಾರೆ ಕಾಣಬೇಕು ಎಂಬುದು ಅವರ ನಿಯಮ. ಇಲ್ಲದ ಮಕ್ಕಳ ಹೆಸರು ಬರೆಯುವವರೂ ಇರುತ್ತಾರೆ, ಹಾಗಾಗಿ ನಿಯಮ ಸರಿಯಾದದ್ದೇ. ಶ್ರಾವಣದಲ್ಲಿ ಬಂದರು. ಬಂದ ದಿನ ಇಡೀ ಶಾಲೆಯಲ್ಲಿ ಇದ್ದದ್ದು ಒಂಬತ್ತು ಮಕ್ಕಳು. ಏಳನೇ ಕ್ಲಾಸಿನಲ್ಲಿ ಒಬ್ಬ ಹುಡುಗ, ಅವನಿಗೂ ಕಾಲು ಉಳುಕಿತ್ತು. ಊರಿಗೆ ಊರೇ ಮನೆದೇವರಿಗೆ ಹೋಗಿತ್ತು. ನಾನು ಹೊಸಬಳು, ನನಗೆ ಆ ಪದ್ಧತಿ ಗೊತ್ತಿರಲಿಲ್ಲ. ಅಧಿಕಾರಿ ಬಿಸಿಯೂಟದ ಪಾತ್ರೆ ಇಣುಕಿ ನೋಡಿ, ಸಹಿ ಹಾಕಿ ಹೊರಟರು. ಆ ವರ್ಷ ಎಂಟನೇ ಕ್ಲಾಸು ಬರಲಿಲ್ಲ.

ಆ ಊರಿನ ಪದ್ಧತಿ ಹೀಗೆ. ಊರಲ್ಲಿ ಬಹುಪಾಲು ಒಂದೇ ಒಕ್ಕಲು, ಎಲ್ಲರಿಗೂ ಒಬ್ಬನೇ ಮನೆದೇವರು. ಮೂಲ ಗುಡಿ ಘಟ್ಟದ ಕೆಳಗೆ. ರಾಗಿ ಬಿತ್ತಿ ಮುಗಿದು ಕುಂಟೆ ಹೊಡೆಯುವ ಮುಂಚಿನ ಬಿಡುವಿನಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಹೋಗಬೇಕು. ಬಾಣಂತಿ, ಕಾಯಿಲೆಯವರನ್ನು ಬಿಟ್ಟು ಒಂದು ತಲೆಯೂ ತಪ್ಪುವಂತಿಲ್ಲ. ಯಾವ ಸೋಮವಾರ ಎಂಬುದನ್ನು ಊರಲ್ಲಿರುವ ಗುಡಿಯಲ್ಲಿ ಹೂ ಕೇಳಿ ಗೊತ್ತು ಮಾಡುತ್ತಾರೆ. ದೇವರ ಎರಡೂ ಕಡೆಗೆ ಒದ್ದೆ ಹೂ ಅಂಟಿಸಿ ಕೇಳುವುದು, ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಮೊದಲು ಹೋಗಿ ಪೂಜೆ ಮಾಡಿಸಿ ಬರುತ್ತಿದ್ದರಂತೆ. ಈಗ ಬಸ್ಸು ಮಾಡಿಕೊಂಡು ಹೋಗುವುದರಿಂದ ದೇವರಿಗೆ ಒಂದು ದಿನ, ಕಡಲಿಗೆ ಎರಡು ದಿನ, ದಾರಿಯಲ್ಲಿ ಜಲಪಾತವಿದ್ದರೆ ಅದಕ್ಕೆ ಅರ್ಧ ದಿನ. ಮಕ್ಕಳಿಗೆ ದೇವರಿಗಿಂತ ಕಡಲೇ ಮುಖ್ಯ. ದೊಡ್ಡವರಿಗೂ ಅಷ್ಟೇ, ಹೇಳಿಕೊಳ್ಳುತ್ತಿರಲಿಲ್ಲ.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದೆ. ಆ ವರ್ಷ ಏಳನೇ ಕ್ಲಾಸಿನಲ್ಲಿ ಸಿಂಚನ ಇದ್ದಳು. ಲೆಕ್ಕದಲ್ಲಿ ನನ್ನನ್ನೇ ತಿದ್ದುವಂಥ ಹುಡುಗಿ. ಕರಿಹಲಗೆಯ ಮೇಲೆ ನಾನು ಅವಸರದಲ್ಲಿ ತಪ್ಪು ಮಾಡಿದರೆ ಬೆರಳು ಎತ್ತದೆ ಎದ್ದೇ ನಿಲ್ಲುತ್ತಿದ್ದಳು. ಅವಳ ಅಪ್ಪ ಮುನಿರಾಜುಗೆ ಹಾಲಿನ ಡೇರಿಯಲ್ಲಿ ಕೆಲಸ. ಒಳ್ಳೆಯವನೇ, ಆದರೆ ಹೇಳಿದ್ದು ಖಡಾಖಂಡಿತ: ಎಂಟನೇ ಕ್ಲಾಸು ಊರಿಗೆ ಬಂದರೆ ಓದಿಸುತ್ತೇನೆ, ಇಲ್ಲದಿದ್ದರೆ ಸಂಜೆ ಬಸ್ಸಿಗೆ ಮಗಳನ್ನು ನಂಬಿ ಕಳಿಸುವುದಿಲ್ಲ. ಮಗಳನ್ನು ಕೆಲಸಕ್ಕೆ ಕಳಿಸುತ್ತೀರಾ ಎಂದು ಪಾಲಿಹೌಸಿನ ಮೇಸ್ತ್ರಿ ಆಗಲೇ ಅವಳ ತಾಯಿಯನ್ನು ಒಂದು ಮಾತು ಕೇಳಿಯೂ ಆಗಿತ್ತು.

ಅಧಿಕಾರಿಯ ಭೇಟಿ ಒಂದು ಸೋಮವಾರಕ್ಕೆ ನಿಗದಿಯಾಯಿತು. ಎರಡು ದಿನ ಕಳೆದು ಊರವರು ಹೂ ಕೇಳಿದರು. ದೇವರು ಕೊಟ್ಟದ್ದೂ ಅದೇ ಸೋಮವಾರ.

ಮೊದಲು ಅಧಿಕಾರಿಯ ಬಳಿ ಹೋದೆ. ಊರಿನ ದೇವರು ಕೊಟ್ಟ ದಿನವೂ ಅದೇ, ದಿನ ಬದಲಾಯಿಸಿಕೊಡಿ ಸಾರ್ ಎಂದೆ. ಅವರು ಕೆಟ್ಟವರಲ್ಲ. ತಾಲ್ಲೂಕೆಲ್ಲ ಸುತ್ತಬೇಕು, ತಿಂಗಳ ಕೊನೆಗೆ ವರದಿ ಕಳಿಸಬೇಕು, ನನ್ನ ಕೈಯಲ್ಲಿ ಬೇರೆ ದಿನ ಇಲ್ಲ ಎಂದು ಟಿಪ್ಪಣಿ ತೋರಿಸಿದರು. ನಾನು ಎದ್ದಾಗ, ದಿನ ಬದಲಾಯಿಸಬೇಕಾದರೆ ಆ ದೇವರಿಗೇ ಹೇಳಿ ನೋಡಿ ಎಂದು ನಕ್ಕರು. ಅವರು ತಮಾಷೆಗೆ ಹೇಳಿದ್ದು. ಬಸ್ಸಿನಲ್ಲಿ ಬರುತ್ತಾ ನನಗೆ ಅದು ತಮಾಷೆ ಎನ್ನಿಸಲಿಲ್ಲ. ಈ ಊರಲ್ಲಿ ದಿನ ಗೊತ್ತು ಮಾಡುವವನು ಅವನೇ ಆದರೆ, ಅವನನ್ನು ಬಿಟ್ಟು ಉಳಿದವರ ಹತ್ತಿರ ವಾದ ಮಾಡಿ ಏನು ಪ್ರಯೋಜನ? ಮನೆಯಲ್ಲಿ ನಮ್ಮವರಿಗೆ ಹೇಳಿದೆ. ಅವರ ದೇವರ ಉಸಾಬರಿ ನಮಗ್ಯಾಕೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ನಿನ್ನ ತಲೆಗೇ ಕಟ್ಟುತ್ತಾರೆ ಎಂದು ಅವರು ಹೆದರಿದರು. ದೇವರ ಉಸಾಬರಿ ಅಲ್ಲ, ಏಳನೇ ಕ್ಲಾಸಿನ ಉಸಾಬರಿ ಎಂದೆ.

ಒಕ್ಕಲಿಗೆ ಹಿರಿಯಳು ಸಾಕಮ್ಮ, ಮುನಿರಾಜುವಿನ ತಾಯಿ, ಸಿಂಚನಳ ಅಜ್ಜಿ. ಹೂ ಕೇಳುವಾಗ ಪ್ರಶ್ನೆ ಇಡುವ ಹಕ್ಕು ಅವಳದು. ಮರುದಿನ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ದೇವರ ತಂಬಿಟ್ಟಿಗೆ ಮೀಸಲು ಅಕ್ಕಿ ಆರಿಸುತ್ತಿದ್ದಳು. ಮೀಸಲಿಗೆ ಎಂಜಲು ತಾಕಬಾರದೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ನನ್ನನ್ನು ನೋಡಿ ಕಣ್ಣಲ್ಲೇ ಕೂರಲು ಹೇಳಿದಳು. ಎದುರಿಗಿದ್ದವರು ಮಾತಾಡದಿದ್ದರೆ ನನ್ನಂಥವಳಿಗೆ ಅನುಕೂಲ. ಹೋದ ವರ್ಷ ಏನಾಯಿತು, ಪವಿತ್ರಾ ಎಲ್ಲಿದ್ದಾಳೆ, ಸಿಂಚನ ಲೆಕ್ಕದಲ್ಲಿ ಹೇಗಿದ್ದಾಳೆ, ಈ ಸೋಮವಾರ ತಪ್ಪಿದರೆ ಏನಾಗುತ್ತದೆ, ಎಲ್ಲವನ್ನೂ ಹೇಳಿ ಮುಗಿಸಿದೆ. ಸಿಂಚನ ಬಾಗಿಲಿಗೆ ಒರಗಿ ನಿಂತಿದ್ದಳು. "ಮಿಸ್, ನಂಗೆ ಸಮುದ್ರನೂ ನೋಡ್ಬೇಕು, ಎಂಟನೇ ಕ್ಲಾಸೂ ಬೇಕು. ಎರಡೂ ಆಗಲ್ವಾ?" ಎಂದಳು. ಆಗಬೇಕು ಎಂದೆ.

ಮೊರದಲ್ಲಿದ್ದ ಅಕ್ಕಿ ಮುಗಿಯಿತು. ಸಾಕಮ್ಮ ಅದನ್ನು ಗಡಿಗೆಗೆ ಸುರಿದು, ಮೇಲೆ ಶುಭ್ರವಾದ ಬಟ್ಟೆ ಮುಚ್ಚಿ, ಆಮೇಲೆ ಬಾಯಿಯ ಬಟ್ಟೆ ಬಿಚ್ಚಿದಳು.

"ಒಂದ್ಸಲ ಹೂ ಆದ್ಮೇಲೆ ಇನ್ನೊಂದ್ಸಲ ಕೇಳಂಗಿಲ್ಲ ಕಣಮ್ಮ" ಎಂದಳು. "ಸೂತಕ ಬಂದ್ರೆ ಮಾತ್ರ ಕೇಳ್ಬೋದು."

"ಕೇಳಂಗಿಲ್ಲ ಅಂತ ಸ್ವಾಮಿ ಹೇಳಿದ್ದಾ ಅಜ್ಜಿ, ನೀವೇ ಮಾಡ್ಕೊಂಡಿದ್ದಾ?"

ಅವಳು ಬಿಚ್ಚಿದ ಬಟ್ಟೆಯನ್ನು ಮಡಿಸಿಟ್ಟಳು. ನಮ್ಮತ್ತೆ ಹೇಳಿದ್ದು ಎಂದಳು. ಅತ್ತೆಗೆ ಯಾರು ಹೇಳಿದ್ದು ಎಂದು ಕೇಳಲು ಹೋಗಲಿಲ್ಲ. ದಸರಾ ರಜೆಯಲ್ಲಿ ವಿಜಯದಶಮಿ ಕಳೆದ ಮೇಲೊಂದು ಸೋಮವಾರ ಬರುತ್ತದೆ, ರಾಗಿ ಆಗ ತೆನೆಯಲ್ಲಿರುತ್ತದೆ, ಯಾರಿಗೂ ಹೊಲದಲ್ಲಿ ಅಂಥ ಕೆಲಸವಿಲ್ಲ, ಆ ದಿನವನ್ನು ಇಟ್ಟು ಒಂದು ಸಲ ಕೇಳಿ ನೋಡಿ ಎಂದೆ. ರಜೆಯಲ್ಲಿ ಬಾಡಿಗೆ ಬಸ್ಸು ದುಬಾರಿ, ಜನ ಜಾಸ್ತಿ ಎಂದೆಲ್ಲ ಹೇಳಿದಳು. ಹೇಳಿದ್ದನ್ನೆಲ್ಲ ಒಪ್ಪಿಕೊಂಡೆ, ಎದ್ದು ಮಾತ್ರ ಹೋಗಲಿಲ್ಲ. ಕೊನೆಗೆ, ಶುಕ್ರವಾರ ಬೆಳಿಗ್ಗೆ ಗುಡಿ ಹತ್ತಿರ ಬಾ, ಕೇಳೇಬಿಡೋಣ ಎಂದಳು.

ಶುಕ್ರವಾರ ಗುಡಿಯ ಮುಂದೆ ಊರಿನ ಅರ್ಧ ಜನ ಇದ್ದರು. ನಾನು ಹೊರಗೆ ಅರಳಿಕಟ್ಟೆಯ ಮೇಲೆ ಕೂತೆ. ಅಲ್ಲಿಂದ ದೇವರು ಕಾಣುತ್ತಿತ್ತು. ಮುನಿರಾಜು ಗೋಡೆಗೆ ಒರಗಿ ನಿಂತಿದ್ದ, ಸಿಂಚನ ಅಜ್ಜಿಯ ಪಕ್ಕದಲ್ಲಿದ್ದಳು. ಹಿಂದಿನಿಂದ ಯಾರೋ ಒಬ್ಬ, "ಮೇಡಮ್ಮಂದು ಬ್ಯಾರೆ ದೇವ್ರು, ನಮ್ ಸ್ವಾಮಿ ಮಾತು ಅವ್ರಿಗೇನ್ ಗೊತ್ತಾಗ್ತೈತೆ" ಎಂದ. ನೋವಾಯಿತು. ಆಗಲಿಲ್ಲ ಎಂದರೆ ಸುಳ್ಳು. ಎದ್ದು ಹೋಗಿಬಿಡೋಣ ಎಂದೂ ಒಂದು ಕ್ಷಣ ಅನ್ನಿಸಿತು. ಸಾಕಮ್ಮ ತಿರುಗಿಯೂ ನೋಡದೆ, "ಆಯಮ್ಮ ಅವ್ರ ದೇವ್ರ ಹಬ್ಬಕ್ಕೂ ಇಸ್ಕೂಲು ಒಂದಿನ ಜಾಸ್ತಿ ತಪ್ಪಿಸಿಲ್ಲ, ಸುಮ್ಕಿರು" ಎಂದಳು. ಆಮೇಲೆ ಆ ಮಾತು ಬರಲಿಲ್ಲ.

ಪೂಜಾರಿ ನಂಜಪ್ಪ ಸೇವಂತಿಗೆಯನ್ನು ನೀರಲ್ಲಿ ಅದ್ದಿ ಎರಡೂ ಕಡೆಗೆ ಅಂಟಿಸಿದ. ಸಾಕಮ್ಮ ಕೈ ಮುಗಿದು, ದಸರಾ ರಜೆಯ ಸೋಮವಾರ ಬಂದರೆ ನಿನಗೆ ಒಪ್ಪಿಗೆಯೇ ಎಂದು ಕೇಳಿದಳು. ಎಲ್ಲರೂ ಹೂವನ್ನೇ ನೋಡಿದೆವು. ಹೂ ಬಿತ್ತು. ಎಡಗಡೆಯದು.

ಜನ ಉಸಿರು ಬಿಟ್ಟರು. ಸಿಟ್ಟಿನ ಉಸಿರಲ್ಲ, ನಿರಾಳವಾದ ಉಸಿರು. ಗಲಾಟೆ ಮುಗಿಯಿತು, ಬಸ್ಸು ಭಾನುವಾರ ಸಂಜೆ ಹೊರಡುತ್ತದೆ. ನಂಜಪ್ಪ ಮಂಗಳಾರತಿ ತಟ್ಟೆಗೆ ಕೈ ಹಾಕಿದ. ಸಿಂಚನ ತಲೆ ತಗ್ಗಿಸಿದಳು. ಆ ಹುಡುಗಿ ತಲೆ ತಗ್ಗಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಟ್ಟೆಯಿಂದ ಇಳಿದು ಬಾಗಿಲ ಹತ್ತಿರ ನಿಂತೆ.

"ಇನ್ನೊಂದು ಪ್ರಶ್ನೆ ಇದೆ ಅಜ್ಜಿ" ಎಂದೆ. "ದಸರೆಗೆ ಬರೋದು ಬೇಡ ಅಂತ ಸ್ವಾಮಿ ಹೇಳಿದಾನೆ, ಸರಿ. ಹಾಗಾದ್ರೆ ನಿಮ್ಮ ಸಿಂಚನ ಓದೋದು ಬೇಡ್ವಾ ಅಂತಾನೂ ಕೇಳ್ಬಿಡಿ. ಬೇಡ ಅಂತ ಹೂ ಕೊಟ್ರೆ ನಾನು ಈಗ್ಲೇ ಹೋಗಿ ಅಧಿಕಾರಿಗೆ ಹೇಳ್ತೀನಿ, ಅವರು ಬರೋದೇ ಬೇಡ."

ನಂಜಪ್ಪ ಸಾಕಮ್ಮನ ಮುಖ ನೋಡಿದ. ಸಾಕಮ್ಮ ದೇವರ ಮುಖ ನೋಡಿದಳು. ನಂಜಪ್ಪ ಇನ್ನೊಂದು ಹೂ ತೆಗೆದು ನೀರಿನ ಬಟ್ಟಲಿಗೆ ಅದ್ದಿದ. ಅವನ ಕೈ ದೇವರ ಭುಜದವರೆಗೆ ಹೋಗಿತ್ತು.

"ನಂಜಪ್ಪ, ಹೂ ಇಡ್ಬ್ಯಾಡ" ಎಂದಳು ಸಾಕಮ್ಮ. "ಅದು ಸ್ವಾಮೀನ ಕೇಳೋ ಮಾತಲ್ಲ. ನಮ್ಮನ್ನ ಕೇಳೋ ಮಾತು."

ಮಗನ ಕಡೆ ತಿರುಗಿದಳು. "ಮುನಿರಾಜ, ನೀನ್ ಹೇಳು. ನಿನ್ ಮಗ್ಳು ಓದ್ಬೇಕೋ ಬ್ಯಾಡ್ವೋ?"

ಮುನಿರಾಜುಗೆ ಊರೆಲ್ಲರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಗೋಡೆ ಕೆರೆದ. ಬಸ್ಸಿಗೆ ಮುಂಗಡ ಕೊಟ್ಟಾಗಿದೆ, ಕೆಲಸಕ್ಕೆ ಹೋಗುವ ಹುಡುಗರು ಕಷ್ಟಪಟ್ಟು ರಜೆ ಹಾಕಿಕೊಂಡಿದ್ದಾರೆ ಎಂದು ಶುರು ಮಾಡಿದ. ನಾನ್ ಕೇಳಿದ್ದು ಅದಲ್ಲ ಎಂದಳು ಸಾಕಮ್ಮ. ಅವನು ಮಗಳನ್ನು ನೋಡಿದ. "ಓದ್ಲಿ ಅವ್ವ" ಎಂದ. ದನಿ ಅವನಿಗೇ ಕೇಳಿಸಿತೋ ಇಲ್ಲವೋ. "ಓದ್ಲಿ" ಎಂದು ಮತ್ತೆ ಗಟ್ಟಿಯಾಗಿ ಹೇಳಿದ.

ಸಾಕಮ್ಮ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದಳು. ಅರಿಸಿನದ ಬಟ್ಟೆ ಕೇಳಿ ಇಸಿದುಕೊಂಡು ಅದರಲ್ಲಿ ಕಟ್ಟಿದಳು. ತಪ್ಪು ಕಾಣಿಕೆ. ದೇವರಿಗೆ ಕೊಟ್ಟ ಮಾತು ಮೀರಿದವರು ಕಟ್ಟುವುದು. "ದಸರಾ ರಜದಲ್ಲೇ ಬತ್ತೀವಿ, ಬಂದು ಒಪ್ಪಿಸ್ತೀನಿ" ಎಂದು ದೇವರಿಗೆ ಹೇಳಿದಳು. "ಸಿಟ್ಟಿದ್ರೆ ನನ್ ಮ್ಯಾಲೆ ಇರ್ಲಿ, ನಂಗ್ ವಯಸ್ಸಾಗೈತೆ. ಮಕ್ಕಳ ತಂಟೆಗೆ ಬರ್ಬ್ಯಾಡ." ಕಾಣಿಕೆಯಲ್ಲಿ ನನ್ನದೂ ಒಂದು ಪಾಲಿರಲಿ, ಇದರಲ್ಲಿ ಅರ್ಧ ತಪ್ಪು ನನ್ನದು ಎಂದೆ. ನಿನ್ನ ತಪ್ಪಿಗೆ ನಿನ್ನ ದೇವರ ಹತ್ತಿರ ಕಟ್ಟಿಕೋ, ಇದು ನಮ್ಮ ಮನೆ ವ್ಯವಹಾರ ಎಂದು ಗದರಿದಳು. ಗುಡಿಯ ಮುಂದಿದ್ದವರು ನಕ್ಕರು. ಊರು ತಣ್ಣಗಾದದ್ದು ಆ ನಗುವಿನಲ್ಲೇ. ಎಲ್ಲರಿಗೂ ಸಮಾಧಾನವಾಯಿತು ಎಂದು ಹೇಳಲಾರೆ. ರಜೆ ಹಾಕಿಕೊಂಡಿದ್ದ ಇಬ್ಬರು ಹುಡುಗರು ಆಮೇಲೆ ಎಷ್ಟೋ ದಿನ ನನ್ನನ್ನು ಕಂಡರೆ ಬೈಕು ಜೋರು ಮಾಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರವೇ ನಿಂತಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಬಂದರು. ಕಾಲು ಉಳುಕಿದವರೂ ಇರಲಿಲ್ಲ, ಜ್ವರದವರೂ ಇರಲಿಲ್ಲ. ಏಳನೇ ಕ್ಲಾಸಿನಲ್ಲಿ ಒಂದು ಜಾಗವೂ ಖಾಲಿ ಉಳಿಯಲಿಲ್ಲ. ಅಧಿಕಾರಿ ಊಟದ ಹೊತ್ತು ಕಳೆದು ಬಂದರು. ಬೆಂಚು ಬೆಂಚಿಗೂ ಹೋಗಿ ಹೆಸರು ಕೇಳಿದರು. ಸಿಂಚನಳಿಗೆ ಒಂದು ಲೆಕ್ಕ ಕೊಟ್ಟರು. ಅವಳು ಮಾಡಿ ತೋರಿಸಿ, ಇದಕ್ಕಿಂತ ಸುಲಭದ ದಾರಿ ಇದೆ ಸಾರ್ ಎಂದು ಇನ್ನೊಂದು ರೀತಿಯಲ್ಲೂ ಮಾಡಿದಳು. ಹೊರಗೆ ಬಂದ ಮೇಲೆ, ಏನು ಮೇಡಂ, ದೇವರು ಒಪ್ಪಿದನಾ ಎಂದು ಕೇಳಿದರು.

"ದೇವರು ಒಪ್ಪಲಿಲ್ಲ ಸಾರ್" ಎಂದೆ. "ಊರು ಒಪ್ಪಿತು."

ಅವರು ನಗಲಿಲ್ಲ. ಗುಡಿಯಲ್ಲಿ ನಡೆದದ್ದನ್ನು ಹೇಳಿಸಿಕೊಂಡು ಕೇಳಿದರು. ವರದಿ ಅಂದೇ ಬರೆದರು. ಆದೇಶ ಬರುವಷ್ಟರಲ್ಲಿ ನಾನು ಆಫೀಸಿಗೆ ಅಲೆದದ್ದು ಬೇರೆ ಕತೆ, ಅದು ಎಲ್ಲರಿಗೂ ಗೊತ್ತಿರುವಂಥದ್ದೇ. ಮುಂದಿನ ಜೂನಿನಲ್ಲಿ ಎಂಟನೇ ಕ್ಲಾಸು ಶುರುವಾಯಿತು. ಸಿಂಚನ ಮೊದಲ ಬೆಂಚು ಹಿಡಿದಳು. ಪವಿತ್ರಾಳ ಮನೆಗೂ ಹೋದೆ. ಮೊದಲ ಸಲ ಬಾಗಿಲು ತೆರೆಯಲಿಲ್ಲ, ಮೂರನೆಯ ಸಲ ಅವಳ ತಾಯಿ ಕಾಫಿ ಕೊಟ್ಟಳು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳಾಗಿ ಅವಳೂ ಬಂದು ಕೂತಳು. ಮೊದಮೊದಲು ನಾಚಿಕೆಪಟ್ಟುಕೊಂಡಳು, ಆಮೇಲೆ ಅವಳೇ ಕ್ಲಾಸಿಗೆ ಲೀಡರು.

ಹೂ ಕೇಳಿದ ವರ್ಷದ ದಸರೆಯಲ್ಲಿ ಊರವರು ಹೇಳಿದಂತೆ ದೇವರಿಗೂ ಹೋದರು, ಕಡಲಿಗೂ ಹೋದರು. ಶಾಲೆ ತೆರೆಯುವ ಹಿಂದಿನ ದಿನ ಊರಲ್ಲಿದ್ದರು. ದೇವರು ಮುನಿದ ಸೂಚನೆ ಏನೂ ಕಾಣಲಿಲ್ಲ. ಆ ವರ್ಷ ರಾಗಿಯೂ ಚೆನ್ನಾಗಿಯೇ ಬಂತು. ಬಾರದಿದ್ದರೆ ಏನನ್ನುತ್ತಿದ್ದರೋ ಎಂದು ನಮ್ಮವರು ಈಗಲೂ ನನ್ನನ್ನು ಹೆದರಿಸುತ್ತಾರೆ. ಅದೃಷ್ಟ ನನ್ನ ಕಡೆ ಇತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಹೊಸಬರಿಗೆ ಹೇಳುವುದು ಏನೆಂದರೆ, ಅಪ್ಪ ಅಮ್ಮನನ್ನು ಬಯ್ಯುತ್ತಾ ಕೂರಬೇಡಿ. ದಿನ ಗೊತ್ತು ಮಾಡುವವರು ಯಾರು ಎಂದು ಮೊದಲು ಹುಡುಕಿ. ಒಂದು ಊರಲ್ಲಿ ಸೂಪರ್ವೈಸರ್ ಇರಬಹುದು, ಇನ್ನೊಂದು ಊರಲ್ಲಿ ವ್ಯಾನಿನ ಡ್ರೈವರ್ ಇರಬಹುದು, ಮತ್ತೊಂದು ಕಡೆ ದೇವರೇ ಇರಬಹುದು. ಅಲ್ಲಿಗೆ ಹೋಗಿ. ಹೋಗಿ ಕೂತ ಮೇಲೆ ಬೇಗ ಏಳಬೇಡಿ.

ನಿವೃತ್ತಿಯ ವರ್ಷ ಶ್ರಾವಣದ ಒಂದು ಮಧ್ಯಾಹ್ನ, ಎಂಟನೇ ಕ್ಲಾಸಿಗೆ ಪಾಠ ಮುಗಿಸಿ ಆಫೀಸು ರೂಮಿಗೆ ಬಂದಿದ್ದೆ. ಮುನಿರಾಜು ಮತ್ತು ನಂಜಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಸಾಕಮ್ಮನಿಗೆ ಕಾಲು ನೋವು, ಅವಳೇ ಕಳಿಸಿದ್ದಳು.

"ಮೇಡಂ, ದಸರಾ ರಜ ಯಾವತ್ತಿಂದ ಯಾವತ್ತಿನ್ ತನಕ ಅಂತ ಮೊದ್ಲು ನೀವ್ ಹೇಳ್ಬಿಡಿ" ಎಂದ ಮುನಿರಾಜು. "ಅದ್ರೊಳ್ಗೆ ಬರೋ ಸೋಮವಾರನೇ ಇಟ್ಟು ಸ್ವಾಮೀನ ಕೇಳ್ತೀವಿ."

ಈ ಸಲವೂ ಎಡಗಡೆ ಕೊಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದೆ.

ಮುನಿರಾಜು ಅಂಗಿಯ ಜೇಬಿನಿಂದ ಅರಿಸಿನದ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ತಪ್ಪು ಕಾಣಿಕೆ ಮೊದ್ಲೇ ಕಟ್ಕೊಂಡ್ ಬಂದಿದೀವಿ ಮೇಡಂ" ಎಂದ.

ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ಇಳಿಸಿ ಅವರ ಮುಂದೆ ಹರಡಿದೆ.